ಸರ್ದಾರಬೀ ಸುತ್ತಿದ ಚೋಕು

೧೯೭೯ರ ಜೂನಿನಲ್ಲಿ ನಾನು ಗಂಗಾವತಿಯ ಪ್ರಾಥಮಿಕ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಬಂದೆ. ಬಾಡಿಗೆ ಮನೆ ಸಿಕ್ಕಿದ್ದು ಹಳೇ ಊರಿನ ಒಂದು ಓಣಿಯಲ್ಲಿ. ನನ್ನ ಮನೆಗೂ ಪಕ್ಕದ ಮನೆಗೂ ಅಂಗಳ ಒಂದೇ. ಅಂಗಳದ ಆಚೆ ಬದಿಗೆ ಇದ್ದವರು ರೇಡಿಯೊ ರಿಪೇರಿಯ ಯಮನೂರಸಾಬ ಮತ್ತು ಅವನ ಹೆಂಡತಿ ಸರ್ದಾರಬೀ. ನಾನು ಟ್ರಂಕು ಇಳಿಸಿಕೊಳ್ಳುವಾಗ ಸರ್ದಾರಬೀ ಕಟ್ಟೆಯ ಮೇಲೆ ಕೂತು ಏನನ್ನೋ ಸುತ್ತುತ್ತಿದ್ದಳು. ನೂಲಿರಬೇಕು ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿ. ಮಾತಾಡಿಸಿದೆ, ಉತ್ತರ ಬರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಬಹಳ ಹೊತ್ತಿನ ಮೇಲೆ ತಂತಿಯ ತುದಿ ಕಟ್ಟಿ ತಲೆ ಎತ್ತಿದಳು.

“ತಪ್ಪ ತಿಳ್ಕೋಬ್ಯಾಡ್ರಿ ಅಕ್ಕೋರ. ಎಣಸಾಕತ್ತಿದ್ದೆ. ನಡುವ ಬಾಯಿ ಬಿಟ್ರ ಲೆಕ್ಕ ತಪ್ಪತೈತಿ, ಸಾವಿರದ ಇನ್ನೂರು ಸುತ್ತೂ ಬಿಚ್ಚಿ ಮತ್ತ ಮೊದಲಿಂದ ಸುತ್ತಬೇಕು.”

ಅಂಗಡಿಗೆ ಬರುತ್ತಿದ್ದ ರೇಡಿಯೊಗಳಲ್ಲಿ ಟ್ರಾನ್ಸ್‌ಫಾರ್ಮರು ಸುಟ್ಟಿದ್ದರೆ ಅದನ್ನು ಮರಳಿ ಸುತ್ತುವವಳು ಈಕೆ ಎಂಬುದು ಓಣಿಗೆ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ.

ಸರ್ದಾರಬೀ ಹುಲಿಹೈದರದ ಪಿಂಜಾರರ ಮನೆಯ ಮಗಳು. ಅವಳ ಅಪ್ಪ ಬಿಲ್ಲಿನಿಂದ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಬಿಲ್ಲಿನ ದಾರ ಸಡಿಲಾದರೆ ಅದರ ದನಿ ಒಂದಿಷ್ಟು ಇಳಿಯುತ್ತದಂತೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹುಡುಗಿ ಅಲ್ಲಿಂದಲೇ “ಅಪ್ಪಾ, ದಾರ ಬಿಗಿ ಮಾಡು” ಎಂದು ಕೂಗುತ್ತಿದ್ದಳು. ಶಾಲೆಯ ಮುಖ ನೋಡಿರಲಿಲ್ಲ. ಅರವತ್ತೆಂಟರಲ್ಲಿ ಮದುವೆಯಾಗಿ ಗಂಗಾವತಿಗೆ ಬಂದಳು. ಆಗ ಯಮನೂರಸಾಬ ಅಕ್ಕಿ ಗಿರಣಿಗಳ ಮೋಟಾರು ರಿಪೇರಿ ಮಾಡುತ್ತಿದ್ದ. ಸುಗ್ಗಿಯಲ್ಲಿ ಗಿರಣಿ ಒಂದು ದಿನ ನಿಂತರೂ ಮಾಲೀಕರು ಹೌಹಾರುತ್ತಿದ್ದರು. ಅವಸರದ ಕೆಲಸವನ್ನು ಅವನು ಮನೆಗೆ ತರುತ್ತಿದ್ದ, ತಂತಿ ಸುತ್ತಲು ಆಕೆ ಕೈ ಹಚ್ಚುತ್ತಿದ್ದಳು. ಹಾಗೆ ಕಲಿತ ಕೆಲಸ ಅದು. ಎಪ್ಪತ್ನಾಲ್ಕರಲ್ಲಿ ಅವನು ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಹಾಕಿದ ಮೇಲೆ ಮೋಟಾರಿನ ದಪ್ಪ ತಂತಿ ಹೋಗಿ ರೇಡಿಯೊದ ಸಣ್ಣ ತಂತಿ ಬಂತು.

ನಾನು ಬಂದ ವರ್ಷವೇ ಒಂದು ದಿನ ಸರ್ದಾರಬೀ ನನ್ನ ಹತ್ತಿರ ಬಂದು, “ಅಕ್ಕೋರ, ನನಗ ಅಕ್ಷರ ಕಲಸ್ರಿ” ಅಂದಳು. ನಾನು ಒಂದನೇ ಇಯತ್ತೆಯ ಪುಸ್ತಕ ತೆಗೆದೆ. ಅದನ್ನು ಬದಿಗೆ ಸರಿಸಿ ಉಡಿಯಿಂದ ಒಂದು ಹಿಡಿ ರೇಡಿಯೊ ಸಾಮಾನು ಸುರಿದಳು. ಇವುಗಳ ಮೇಲೆ ಬರೆದಿದ್ದಷ್ಟು ಓದಲು ಬಂದರೆ ಸಾಕಂತೆ. ಬಣ್ಣದ ಪಟ್ಟಿ ಇರುವ ಸಾಮಾನು ಆಕೆಗೆ ಬಾಯಿಪಾಠ. ಕಂದು, ಕಪ್ಪು, ಕೆಂಪು ಎಂದರೆ ಎಷ್ಟು ಎಂಬುದನ್ನು ನನಗೇ ಹೇಳಿಕೊಟ್ಟಳು. ಅಚ್ಚು ಹಾಕಿದ್ದು ಮಾತ್ರ ತೊಡಕಾಗುತ್ತಿತ್ತು. ಆ ಚಳಿಗಾಲ ಮುಗಿಯುವುದರೊಳಗೆ ಕನ್ನಡ, ಇಂಗ್ಲಿಷು ಎರಡರಲ್ಲೂ ತನಗೆ ಬೇಕಾದಷ್ಟು ಓದತೊಡಗಿದ್ದಳು.

೧೯೮೨ರ ಬೇಸಿಗೆಯಲ್ಲಿ ನಮ್ಮ ಓಣಿಗೆ ಕೊಟ್ರಬಸಪ್ಪನ ಕಾರು ಬಂತು. ಕೊಟ್ರಬಸಪ್ಪ ಅಕ್ಕಿ ಗಿರಣಿಯ ಮಾಲೀಕ, ಮೂಲತಃ ಬೇವೂರಿನವನು. ಎರೆ ಹೊಲದ ಮನೆಯಿಂದ ಬಂದು ಕಾಲುವೆ ಸೀಮೆಯಲ್ಲಿ ದೊಡ್ಡವನಾದವನು. ಬಿಳಿ ಅಂಬಾಸಿಡರ್ ಇಟ್ಟಿದ್ದ. ಮುಂಬಯಿಯಿಂದ ಟೇಪು, ಆಂಪ್ಲಿಫೈಯರು, ಎರಡು ಸ್ಪೀಕರು ತರಿಸಿ, ದೂರದ ಊರಿನ ಯಾವನೋ ಮೆಕ್ಯಾನಿಕನಿಂದ ಕೂರಿಸಿದ್ದ. ಟೇಪು ಡ್ಯಾಶ್‌ಬೋರ್ಡಿನ ಕೆಳಗೆ, ದನಿ ದೊಡ್ಡದು ಮಾಡುವ ಆಂಪ್ಲಿಫೈಯರು ಹಿಂದಿನ ಡಿಕ್ಕಿಯಲ್ಲಿ. ಎಂಜಿನ್ ಬಂದ್ ಇದ್ದಾಗ ದನಿ ಹಾಲಿನಂತೆ ಬರುತ್ತಿತ್ತು. ಗಾಡಿ ಚಾಲೂ ಮಾಡಿದರೆ ಸಾಕು, ಚಟಚಟ ಸದ್ದಿನ ಜೊತೆ ಒಂದು ಸೀಟಿ ಏಳುತ್ತಿತ್ತು. ಆಕ್ಸಿಲರೇಟರ್ ಒತ್ತಿದಂತೆಲ್ಲ ಸೀಟಿಯೂ ಮೇಲೇರುತ್ತಿತ್ತು.

“ಇದೊಂದು ಸರಿ ಮಾಡಿಕೊಡಪಾ ಯಮನೂರ” ಎಂದು ಕೊಟ್ರಬಸಪ್ಪ ಕ್ಯಾಸೆಟ್ಟೊಂದನ್ನು ಮುಂದೆ ಹಿಡಿದ. “ಇದರಾಗ ನಮ್ಮವ್ವ ಅದಾಳ.”

ಅವನ ತಾಯಿ ಮುದಕಮ್ಮ ಹೋದ ವರ್ಷ ತೀರಿಕೊಂಡಿದ್ದಳು. ಅದಕ್ಕೂ ಒಂದು ವರ್ಷ ಮುಂಚೆ ಬೇವೂರಿನ ಮನೆಯಲ್ಲಿ ಆಕೆ ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ್ದನ್ನು ಮಗ ಟೇಪಿನಲ್ಲಿ ಹಿಡಿದಿದ್ದ. ತಾಯಿ ಇಲ್ಲದ ಮೇಲೆ ಗಂಗಾವತಿಯಿಂದ ಬೇವೂರಿಗೆ ಹೋಗುವ ದಾರಿಯುದ್ದಕ್ಕೂ ಅದನ್ನು ಕೇಳಬೇಕೆಂಬ ಆಸೆ. ಇಷ್ಟೆಲ್ಲ ತರಿಸಿದ್ದು ಅದಕ್ಕಾಗಿ. ಆದರೆ ಆ ಹಾಳು ಸೀಟಿ ಮುದುಕಿಯ ಸಣ್ಣ ದನಿ ಇದ್ದ ಜಾಗದಲ್ಲೇ ಬಂದು ಕೂರುತ್ತಿತ್ತು.

ಯಮನೂರಸಾಬ ಮೂರು ದಿನ ಆ ಗಾಡಿಯೊಳಗೇ ಇದ್ದ. ಟೇಪಿಗೂ ಆಂಪ್ಲಿಫೈಯರಿಗೂ ಬ್ಯಾಟರಿಯಿಂದಲೇ ಬೇರೆ ತಂತಿ ಎಳೆದ. ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲಿಗೆ ಒಂದು, ಕರೆಂಟು ಹುಟ್ಟಿಸುವ ಡೈನಮೊಗೆ ಒಂದು, ಸಪ್ಪಳ ನುಂಗುವ ಕಂಡೆನ್ಸರ್ ಕಟ್ಟಿದ. ಚಟಚಟ ಪೂರಾ ಹೋಯಿತು. ಸೀಟಿ ಹೋಗಲಿಲ್ಲ. ಸ್ಪೀಕರು ಬದಲಿಸಿ ನೋಡಿದ, ತಂತಿಗಳ ದಾರಿ ಬದಲಿಸಿ ನೋಡಿದ. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತವನು ಅರ್ಧಕ್ಕೇ ತಟ್ಟೆ ಸರಿಸಿದ.

ಸರ್ದಾರಬೀ ಅಂಗಳದಿಂದಲೇ ಮೂರು ದಿನವೂ ಕೇಳಿಸಿಕೊಂಡಿದ್ದಳು.

“ಒಂದು ಮಾತು ಹೇಳಲೇನ್ರಿ?” ಅಂದಳು. “ಗಿರಣಿದ ಹಳೇ ಬ್ಯಾಟರಿ ಒಂದು ತಂದು ಗಾಡಿ ಸೀಟಿನ ಮ್ಯಾಲೆ ಇಡ್ರಿ. ಟೇಪು, ಆಂಪ್ಲಿಫೈಯರು ಎರಡೂ ಅದಕ್ಕ ಹಚ್ರಿ. ಗಾಡಿ ಬ್ಯಾಟರಿ ಸಂಬಂಧನ ಬ್ಯಾಡ. ಆಮ್ಯಾಲೆ ಗಾಡಿ ಚಾಲೂ ಮಾಡ್ರಿ. ಸೀಟಿ ಗಾಳ್ಯಾಗ ಬರಾಕತ್ತೈತೋ, ತಂತ್ಯಾಗ ಬರಾಕತ್ತೈತೋ ತಿಳೀತೈತಿ.”

ಯಮನೂರಸಾಬ ತಟ್ಟೆ ಹಾಗೇ ಬಿಟ್ಟು ಎದ್ದ. ಬೇರೆ ಬ್ಯಾಟರಿ ಇಟ್ಟು ಗಾಡಿ ಚಾಲೂ ಮಾಡಿದರೆ ಸೀಟಿ ಮಾಯ! ಅಂದರೆ ಡೈನಮೊದ ಸೀಟಿ ಕರೆಂಟಿನ ಜೊತೆಗೇ ತಂತಿಯಲ್ಲಿ ಹರಿದು ಬರುತ್ತಿತ್ತು. ಅದನ್ನು ದಾರಿಯಲ್ಲೇ ತಡೆಯಬೇಕು, ಕರೆಂಟನ್ನು ತಡೆಯಬಾರದು. ಅದಕ್ಕೆ ಬೇಕಾದದ್ದು ಚೋಕು. ಕಬ್ಬಿಣದ ತೆಳು ಪಟ್ಟಿಗಳ ಮೇಲೆ ದಪ್ಪ ತಾಮ್ರದ ತಂತಿ ಸುತ್ತಿದ ಒಂದು ಗಟ್ಟಿ. ಗಾಡಿಗೆ ಹಾಕುವಂಥದ್ದು ಗಂಗಾವತಿಯಲ್ಲಿ ಸಿಗುತ್ತಿರಲಿಲ್ಲ.

“ನಾ ಸುತ್ತತೀನಿ” ಅಂದಳು ಸರ್ದಾರಬೀ.

ಸುಟ್ಟ ಟ್ರಾನ್ಸ್‌ಫಾರ್ಮರಿನ ಪಟ್ಟಿಗಳನ್ನು ಬಿಚ್ಚಿ, ಉಜ್ಜಿ, ಮೋಟಾರಿನ ಕೆಲಸದ ದಪ್ಪ ತಂತಿಯಲ್ಲಿ ಎಂಬತ್ತು ಸುತ್ತು ಹಾಕಿದಳು. ವಾರ್ನಿಶಿನಲ್ಲಿ ಅದ್ದಿ ಮಾಳಿಗೆಯ ಬಿಸಿಲಿಗೆ ಇಟ್ಟಳು. ಮರುದಿನ ಗಾಡಿಗೆ ಹಾಕಿದಾಗ ದನಿ ಸಣ್ಣದಿಟ್ಟರೆ ಸೀಟಿ ಇಲ್ಲ. ದನಿ ಏರಿಸಿದರೆ ಮತ್ತೆ ಹಾಜರ್. ಅದೇ ಹೊತ್ತಿಗೆ ಕೊಟ್ರಬಸಪ್ಪ ಬಂದ. ನಡೆದದ್ದನ್ನು ಯಮನೂರಸಾಬ ಮುಚ್ಚಿಡದೆ ಹೇಳಿದ.

ಕೊಟ್ರಬಸಪ್ಪನ ಮುಖ ಬಿಗಿಯಾಯಿತು. “ಅಲ್ಲಪಾ, ನಿನ್ನ ಕೈಯಾಗ ಕೊಟ್ಟಿದ್ದೆ ನಾನು. ನೀ ಹೆಣ್ಮಕ್ಕಳ ಕೈಯಾಗ ಕೊಟ್ಟು ಆಟ ಹಚ್ಚೀಯೇನು?”

ಯಮನೂರಸಾಬ ಮೆತ್ತಗಿನ ಮನುಷ್ಯ. ಗಿರಾಕಿಗೆ ಎದುರು ಮಾತಾಡಿದ್ದನ್ನು ನಾನು ಕಂಡವಳಲ್ಲ. ಅವತ್ತು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ನೆಟ್ಟಗೆ ನಿಂತ.

“ಸಾವ್ಕಾರ್ರ, ನನ್ನ ಅಂಗಡ್ಯಾಗ ರಿಪೇರಿ ಆದ ಎಷ್ಟು ರೇಡಿಯೊ ಈ ಊರಾಗ ಹಾಡಾಕತ್ತಾವೋ, ಅದರಾಗ ಅರ್ಧಕ್ಕರ್ಧ ಈಕಿ ಸುತ್ತಿದ ತಂತಿ ಐತಿ. ನಿಮ್ಮ ಮನಿ ರೇಡಿಯೊದಾಗೂ ಐತಿ. ಎಂಟು ವರ್ಷದಿಂದ ನೀವು ಈಕಿ ಕೆಲಸಾನ ಕೇಳಾಕತ್ತೀರಿ. ಬ್ಯಾಡಂದ್ರ ಗಾಡಿ ಒಯ್ರಿ. ನನ್ನ ಕೈಲೆ ಇದು ಆಗಂಗಿಲ್ಲ. ಆದ್ರ ಈಕಿ ಕೈಲೇ ಆಗಬೇಕು.”

ಕೊಟ್ರಬಸಪ್ಪ ಗಾಡಿಯ ಕೀಲಿ ಕಟ್ಟೆಯ ಮೇಲಿಟ್ಟು ನಡೆದುಕೊಂಡೇ ಗಿರಣಿಗೆ ಹೋದ.

ಸರ್ದಾರಬೀಗೆ ಆ ದಿನವೆಲ್ಲ ಮನಸ್ಸು ಒಂದೆಡೆ ನಿಲ್ಲಲಿಲ್ಲ. ದನಿ ಏರಿದಾಗ ಕರೆಂಟು ಹೆಚ್ಚು ಎಳೆಯುತ್ತದೆ, ಆಗಲೇ ಚೋಕು ಸೋಲುತ್ತದೆ. ಯಾಕೆ? ಬೇರೆ ಯಾವುದಾದರೂ ಚೋಕು ಬಿಚ್ಚಿ ನೋಡಬೇಕು ಅಂದಳು. ನಮ್ಮ ಶಾಲೆಯ ಆಫೀಸಿನಲ್ಲಿ ಟ್ಯೂಬ್‌ಲೈಟಿನದೊಂದು ಸುಟ್ಟ ಚೋಕು ಬಿದ್ದಿತ್ತು. ಹೆಡ್‌ಮಾಸ್ತರರನ್ನು ಕೇಳಿ ತಂದುಕೊಟ್ಟೆ. ಆಕೆ ಉಳಿಯಿಂದ ಅದರ ಡಬ್ಬಿ ಬಿಡಿಸಿ, ಒಳಗಿನ ಡಾಂಬರು ಕೆರೆದು, ಕಬ್ಬಿಣದ ಎರಡು ಭಾಗಗಳನ್ನು ಬೇರೆ ಮಾಡಿದಳು. ಅವೆರಡರ ನಡುವೆ ಒಂದು ದಪ್ಪ ಕಾಗದದ ತುಂಡು ಇತ್ತು.

“ಇದ್ಯಾಕಿಲ್ಲಿ ಐತಿ?” ಎಂದು ಅದನ್ನು ಬೆಳಕಿಗೆ ಹಿಡಿದಳು. “ನಾ ಪಟ್ಟಿಗೆ ಪಟ್ಟಿ ಗಟ್ಟಿ ಕೂಡಿಸಿ ಕಟ್ಟೀನಿ. ಇವರು ಬೇಕಂತ ಸಂದು ಬಿಟ್ಟಾರ.”

ಅದರ ಹಿಂದಿನ ಶಾಸ್ತ್ರ ನನಗೆ ಗೊತ್ತಿಲ್ಲ, ಆಗ ಆಕೆಗೂ ಗೊತ್ತಿರಲಿಲ್ಲ. ಕಬ್ಬಿಣವನ್ನು ಬಿಚ್ಚಿ, ನಡುವೆ ಕಾಗದ ಇಟ್ಟು ಮತ್ತೆ ಕಟ್ಟಿದಳು. ಒಂದು ಪದರ ಇಟ್ಟು ಕೇಳಿದಳು. ಎರಡು ಇಟ್ಟಳು, ಮೂರು ಇಟ್ಟಳು. ಮೂರಕ್ಕೆ ಮತ್ತೆ ಕೆಟ್ಟಿತು, ಎರಡಕ್ಕೆ ಬಂದಳು. ಸುತ್ತು ಎಂಬತ್ತರಿಂದ ನೂರಹತ್ತು ಮಾಡಿದಳು. ಐದು ದಿನ ಹಿಡಿಯಿತು. ಓಣಿಯಲ್ಲಿ ನಿಂತ ಗಾಡಿಯಲ್ಲಿ ಸೀಟಿ ಪೂರಾ ಅಡಗಿತು. ಆದರೆ ಅವಳಿಗೆ ಅಷ್ಟು ಸಾಲದು. “ಗಾಡಿ ಓಡಿದಾಗ ಕೇಳಬೇಕ್ರಿ” ಅಂದಳು.

ಅಂದರೆ ಪರರ ಕಾರಿನಲ್ಲಿ ಕೂತು ಹೋಗಬೇಕು. ಎದುರು ಮನೆಯ ಮುದುಕಿ ನೂರಜಾನಬಿ ಬಾಗಿಲಿಗೆ ಬಂದು, “ಏನವಾ, ಸಾವ್ಕಾರನ ಮೋಟರಿನ್ಯಾಗ ಸವಾರಿ ಹೊಂಟೀಯಂತ?” ಎಂದು ಕೇಳಿದಳು. “ಹೌದು ಚಾಚಿ, ಕೆಲಸ ಐತಿ” ಎಂದು ಸರ್ದಾರಬೀ ಸೆರಗು ತಲೆಗೆ ಎಳೆದುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಜೊತೆಗಿರಲಿ ಎಂದು ನನ್ನನ್ನೂ ಕರೆದಳು. ಅದು ರವಿವಾರ. ಕೊಟ್ರಬಸಪ್ಪ ತಾನೇ ಓಡಿಸುತ್ತೇನೆಂದ. ಅವನ ಪಕ್ಕಕ್ಕೆ ಯಮನೂರಸಾಬ.

ಕನಕಗಿರಿ ರಸ್ತೆ ಹಿಡಿದೆವು. ಕೊಟ್ರಬಸಪ್ಪ ತಾಯಿಯ ಕ್ಯಾಸೆಟ್ಟಿಗೆ ಕೈ ಹಾಕಿದ.

“ಅದು ಈಗ ಬ್ಯಾಡ್ರಿ ಸಾವ್ಕಾರ್ರ, ಖಾಲಿ ಕ್ಯಾಸೆಟ್ ಹಚ್ರಿ” ಅಂದಳು ಹಿಂದಿನಿಂದ. “ಹಾಡು ಇದ್ರ ಹಾಳು ಸಪ್ಪಳ ಅದರ ಹಿಂದ ಮುಚಿಗೊಂಡು ಕುಂದರತೈತಿ. ಏನೂ ಇಲ್ಲದಾಗ ಕೇಳಬೇಕು.”

ಗದ್ದೆಗಳ ಸೀಮೆ ದಾಟುವವರೆಗೆ ನಾವು ನಾಲ್ವರೂ ಬರಿಯ ಮೌನವನ್ನು ಕೇಳುತ್ತ ಹೋದೆವು. “ಜೋರ ಬಿಡ್ರಿ” ಅನ್ನುವಳು. ಸ್ವಲ್ಪ ಹೊತ್ತಿಗೆ “ಸಾವಕಾಶ” ಅನ್ನುವಳು. ಏರಿನಲ್ಲಿ ಗೇರ್ ಬದಲಿಸಿದಾಗ ಹಿಂದಕ್ಕೆ ತಿರುಗಿ ಸ್ಪೀಕರಿನ ಕಡೆ ಕಿವಿ ಹಿಡಿಯುವಳು. ಸೀಟಿಯ ಸುಳಿವಿರಲಿಲ್ಲ. ಆಮೇಲೆ ಯಾವುದೋ ಹಾಡಿನ ಕ್ಯಾಸೆಟ್ ಹಾಕಿಸಿದಳು. ನನಗೆ ಎಲ್ಲ ಚೆನ್ನಾಗೇ ಕೇಳಿತು. ಆಕೆ ತಲೆ ಅಲ್ಲಾಡಿಸಿದಳು.

“ತಬಲಾದ ಗುಂ ಅನ್ನೂದು ಎಲ್ಲಿ ಹೋತು? ಗಾಡಿ ನಿಲ್ಲಸ್ರಿ.”

ಬೇವಿನ ಮರದ ಕೆಳಗೆ ನಿಲ್ಲಿಸಿದರು. ಯಮನೂರಸಾಬ ಹಿಂದಿನ ಎರಡೂ ಸ್ಪೀಕರುಗಳ ಜಾಳಿಗೆ ಬಿಚ್ಚಿದ. ಸರ್ದಾರಬೀ ಟಾರ್ಚಿನ ಒಂದು ಸಣ್ಣ ಸೆಲ್ ಹಿಡಿದು ಸ್ಪೀಕರಿನ ತಂತಿಗಳಿಗೆ ಮುಟ್ಟಿಸಿದಳು. ಒಂದು ಸ್ಪೀಕರಿನ ಕಪ್ಪು ಕಾಗದ ಪಟ್ಟನೆ ಹೊರಕ್ಕೆ ಉಬ್ಬಿತು. ಇನ್ನೊಂದಕ್ಕೆ ಹಾಗೇ ಮುಟ್ಟಿಸಿದರೆ ಅದು ಒಳಕ್ಕೆ ಸರಿಯಿತು.

“ನೋಡ್ರಿ ಸಾವ್ಕಾರ್ರ, ಒಂದು ದೂಡತೈತಿ, ಒಂದು ಎಳೀತೈತಿ. ಒಂದರ ಗಾಳಿ ಇನ್ನೊಂದು ನುಂಗಾಕತ್ತೈತಿ.”

ಒಂದರ ಎರಡು ತಂತಿ ಅದಲು ಬದಲು ಮಾಡಿಸಿದಳು. ಬಳಿಕ ಟೇಪಿನ ದನಿಯನ್ನು ಮುಕ್ಕಾಲು ಪಾಲು ಏರಿಸಿ ಇಟ್ಟು, ಡಿಕ್ಕಿಯ ಹತ್ತಿರ ಹೋಗಿ ಆಂಪ್ಲಿಫೈಯರಿನ ಸಣ್ಣ ತಿರುಪನ್ನು ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿದಳು. ಹಾಡಿನ ದನಿ ಒಡೆಯುವ ಜಾಗ ಬಂತು. ಅಲ್ಲಿಂದ ಒಂದಿಷ್ಟು ಹಿಂದಕ್ಕೆ ತಂದು ಬಿಟ್ಟಳು. ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡು ಬಂದು ಕೂತು, “ಈಗ ಅಮ್ಮಾರನ್ನ ಹಚ್ರಿ” ಅಂದಳು.

ಗಾಡಿ ಮತ್ತೆ ಹೊರಟಿತು. ಮೊದಲು ಬೀಸುವ ಕಲ್ಲಿನ ಗುರುಗುರು ಬಂತು. ಅದರ ಮೇಲೆ ಮುದುಕಿಯ ದನಿ. ಸಣ್ಣದು, ಸ್ವಲ್ಪ ನಡುಗುವಂಥದ್ದು, ಆದರೆ ದಾರಿ ತಪ್ಪದಂಥದ್ದು. ಕಲ್ಲಿನ ಬಾಯಿಗೆ ಜೋಳ ಸುರಿಯುವ ಸದ್ದು, ಬಳೆಯ ಸದ್ದು, ನುಡಿ ಮುಗಿದಾಗ ಆಕೆ ಉಸಿರು ಎಳೆದುಕೊಳ್ಳುವುದು, ಎಲ್ಲವೂ ನಮ್ಮ ಪಕ್ಕದಲ್ಲೇ ಇತ್ತು. ಎರಡನೆಯ ಹಾಡು ಶುರುವಾಗುವ ಮುಂಚೆ ಕಲ್ಲು ನಿಂತಿತು. ಮುದಕಮ್ಮ ಹಾಡುವ ದನಿ ಬಿಟ್ಟು ಮಾತಿನ ದನಿಯಲ್ಲಿ ಮೆಲ್ಲಗೆ ಅಂದಳು:

“ಕೊಟ್ರಾ, ಬಿಸಿಲಾಗ ನಿಂದ್ರಬ್ಯಾಡಪಾ. ಒಳಗ ಬಾ.”

ಕೊಟ್ರಬಸಪ್ಪ ಬ್ರೇಕ್ ಒತ್ತಿದ. ಗಾಡಿ ರಸ್ತೆಯ ಬದಿಗೆ ಹೋಗಿ ನಿಂತಿತು. ಎಂಜಿನ್ ಚಾಲೂ ಇತ್ತು, ಹಾಡು ಸಾಗಿತ್ತು. ಅವನು ಬಾಗಿಲು ತೆಗೆದು ಇಳಿದು, ಹೊಲದ ಬದುವಿನ ಮೇಲೆ ನಮಗೆ ಬೆನ್ನು ಮಾಡಿ ಬಹಳ ಹೊತ್ತು ನಿಂತ. ಆ ದಿನ ತನ್ನ ಸಪ್ಪಳ ಟೇಪಿಗೆ ಬೀಳಬಾರದೆಂದು ಅವನು ಅಂಗಳಕ್ಕೆ ಹೋಗಿ ನಿಂತಿದ್ದನಂತೆ. ಮನೆಯ ಹಳೆಯ ಟೇಪಿನ ಗೊಗ್ಗರು ದನಿಯಲ್ಲಿ ಆ ಮಾತು ಕಲ್ಲಿನ ಕೊನೆಯ ಸದ್ದಿನಂತೆ ಕೇಳಿಸಿ ಕಳೆದುಹೋಗಿತ್ತು, ಗಾಡಿಯಲ್ಲಿ ಸೀಟಿ ಅದನ್ನು ನುಂಗಿತ್ತು. ಎರಡು ವರ್ಷ ಅದು ಅದೇ ಕ್ಯಾಸೆಟ್ಟಿನಲ್ಲಿತ್ತು, ಅವನಿಗೆ ಗೊತ್ತಿರಲಿಲ್ಲ.

ತಿರುಗಿ ಬಂದಾಗ ಅವನ ಕಣ್ಣು ಕೆಂಪಾಗಿದ್ದವು. ಹಿಂದಿನ ಬಾಗಿಲ ಹತ್ತಿರ ಬಂದು ಬಗ್ಗಿ ನಿಂತ.

“ತಂಗಿ,” ಅಂದ, “ಅವತ್ತ ನಾ ಅಂದ ಮಾತು ಮನಸಿನ್ಯಾಗ ಇಟ್ಕೋಬ್ಯಾಡ.”

“ಯಾವ ಮಾತ್ರಿ?” ಅಂದಳು ಸರ್ದಾರಬೀ. “ಅಮ್ಮಾರ ದನಿಯೊಳಗ ಇನ್ನಾ ಒಂಚೂರು ಸ್ ಸ್ ಅಂತೈತಿ, ಕೇಳಿದ್ರೇನು? ಕ್ಯಾಸೆಟ್ ಓದೂ ಟೇಪಿನ ತಲಿ ತೊಳದು ಕೊಡತೀನಿ. ನಾಳೆ ತರ್ರಿ.”

ಆಮೇಲೆ ಊರಿಗೆ ಗೊತ್ತಾಗಲು ತಡವಾಗಲಿಲ್ಲ. ಕೊಟ್ರಬಸಪ್ಪ ಕಂಡವರನ್ನೆಲ್ಲ ಗಾಡಿಯಲ್ಲಿ ಕೂರಿಸಿ ಕೇಳಿಸಿದ. ಗಿರಣಿಯವರ ಕಾರು, ಟ್ಯಾಕ್ಸಿ, ಗುತ್ತಿಗೆದಾರರ ಜೀಪು ಒಂದರ ಹಿಂದೆ ಒಂದು ನಮ್ಮ ಓಣಿಗೆ ಬಂದವು. ಮೊದಮೊದಲು ಯಮನೂರಸಾಬ ಮುಂದೆ ನಿಂತು ಗಿರಾಕಿಯೊಡನೆ ಮಾತಾಡುತ್ತಿದ್ದ, ಆಕೆ ಮನೆಯೊಳಗೆ ಸುತ್ತುತ್ತಿದ್ದಳು. ವರ್ಷ ತಿರುಗುವುದರೊಳಗೆ ಆಕೆಯೇ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಬೆಸುಗೆ ಹಾಕತೊಡಗಿದಳು. ಒಬ್ಬ ಟ್ಯಾಕ್ಸಿಯವನು ಬಂದು ದನಿ ಇಡೀ ಗಂಗಾವತಿಗೆ ಕೇಳಬೇಕೆಂದ. “ಒಳಗ ಕುಂತಾರಿಗೆ ಕೇಳಬೇಕೋ, ಹೊರಗ ನಿಂತಾರಿಗೆ ಕೇಳಬೇಕೋ, ಒಂದು ಹೇಳು” ಅಂದಳು. ಅವನು ಬಹಳ ಯೋಚಿಸಿ ಒಳಗಿನವರಿಗೆ ಅಂದ.

ತಪ್ಪು ಮಾಡಲಿಲ್ಲವೆಂದಲ್ಲ. ಕುಷ್ಟಗಿಯಿಂದ ಬಂದ ಒಂದು ಹಳೆಯ ಜೀಪಿನಲ್ಲಿ ಬ್ಯಾಟರಿಯ ಪ್ಲಸ್ ತಂತಿಯನ್ನು ಗಾಡಿಯ ಮೈಗೆ ಕಟ್ಟಿದ್ದರು. ಬೇರೆ ಗಾಡಿಗಳಲ್ಲಿ ಮೈನಸ್ ಇರುತ್ತಿತ್ತು. ಆಕೆ ನೋಡದೆ ಟೇಪು ಕೂರಿಸಿದಳು. ಒಳಗಿನಿಂದ ಹೊಗೆ ಎದ್ದಿತು. ಜೀಪಿನ ಮಾಲೀಕ ಅಲ್ಲಿರಲಿಲ್ಲ. ಟೇಪಿನಲ್ಲೇ ದೋಷವಿತ್ತೆಂದರೆ ನಂಬುತ್ತಿದ್ದ. ಅವನು ಚಹಾ ಕುಡಿದು ಬಂದ ಕೂಡಲೇ, “ನಾ ನೋಡಲಿಲ್ರಿ, ನನ್ನ ತಪ್ಪು” ಅಂದಳು. ಹನ್ನೊಂದು ದಿನ ಕೂತು ಅದನ್ನು ಮತ್ತೆ ಹಾಡಿಸಿದಳು. ಆವತ್ತಿನಿಂದ ಯಾವ ಗಾಡಿ ಬಂದರೂ ಮೊದಲು ಬಾನೆಟ್ ತೆಗೆಸಿ ಬ್ಯಾಟರಿ ನೋಡದೆ ಕೈ ಹಾಕುತ್ತಿರಲಿಲ್ಲ.

ಎಂಬತ್ತಾರರಲ್ಲಿ ನನಗೆ ಯಲಬುರ್ಗಾಕ್ಕೆ ವರ್ಗವಾಯಿತು. ಎರಡು ವರ್ಷದ ಮೇಲೆ ಯಾವುದೋ ಕೆಲಸಕ್ಕೆ ಗಂಗಾವತಿಗೆ ಬಂದವಳು ಅವರನ್ನು ನೋಡಲು ಹೋದೆ. ಯಮನೂರಸಾಬನ ಕಣ್ಣು ಮಂಜಾಗಿ, ಅಂಗಡಿ ಆಕೆಯ ಮೇಲೆಯೇ ಬಿದ್ದಿತ್ತು. ಅಂಗಡಿಯ ಮುಂದೆ ಒಂದು ಹೊಸ ಮಾರುತಿ ವ್ಯಾನು ನಿಂತಿತ್ತು. ಅದರೊಳಗಿಂದ ಎರಡು ಪಾದ ಮಾತ್ರ ಕಾಣುತ್ತಿದ್ದವು.

“ಯಾರು, ಅಕ್ಕೋರೇನು?” ಎಂದು ಒಳಗಿನಿಂದಲೇ ದನಿ ಬಂತು. “ದನಿ ಮ್ಯಾಲೆ ಗುರುತ ಹಿಡದೆ. ಕುಂದರ್ರಿ, ಬಂದೆ. ಎರಡು ದಿನ ಆತು, ಇದು ಕಾಡಾಕತ್ತೈತಿ. ಇದರ ಸೀಟಿ ಸಪ್ಪಳನ ಬ್ಯಾರೆ. ನನ್ನ ಚೋಕಿಗೆ ಬಗ್ಗವಲ್ದು.”

ಯಮನೂರಸಾಬ ಸ್ಟೂಲಿನ ಮೇಲೆ ಕೂತು, “ನನ್ನ ಕೇಳಬ್ಯಾಡ್ರಿ ಅಕ್ಕೋರ, ನಾ ಈಗ ಆಕ್ಸಿಲರೇಟರ್ ಒತ್ತಾಂವ ಅಷ್ಟ” ಎಂದು ನಕ್ಕ. ಆ ನಗೆಯಲ್ಲಿ ಹೆಮ್ಮೆ ಇತ್ತು.

ನಾನು ಕೂತಿದ್ದಂತೆಯೇ ಆಕೆ ಟೇಪಿನಿಂದ ಗಾಡಿಯ ಮೈಗೆ ಹೋಗುವ ತಂತಿಯನ್ನು ಬೆರಳಿನಿಂದ ಹಿಡಿದು ಕೊನೆಯವರೆಗೆ ಹೋದಳು. ಟೇಪಿನದು ಒಂದು ಬೋಲ್ಟಿಗೆ, ಆಂಪ್ಲಿಫೈಯರಿನದು ಹಿಂದೆ ಇನ್ನೊಂದು ಬೋಲ್ಟಿಗೆ. ಎರಡನೆಯದನ್ನು ಬಿಚ್ಚಿ ನೋಡಿದರೆ ಕೆಳಗೆ ಫ್ಯಾಕ್ಟರಿಯ ಬಣ್ಣ ಹಾಗೇ ಇತ್ತು, ತಂತಿ ಲೋಹವನ್ನು ಮುಟ್ಟಿರಲೇ ಇಲ್ಲ. ಕರೆಂಟು ಹಾಡಿನ ತಂತಿಯಲ್ಲೇ ಹಾದು ಮರಳುತ್ತ ಸೀಟಿಯನ್ನೂ ಹೊತ್ತು ತರುತ್ತಿತ್ತು. ಮುಂದೆ ಒಂದು ಜಾಗದಲ್ಲಿ ಹೊಳೆಯುವವರೆಗೆ ಬಣ್ಣ ಕೆರೆದು, ಎರಡೂ ತಂತಿಗಳನ್ನು ಅಲ್ಲಿ ಒಂದೇ ಬೋಲ್ಟಿಗೆ ಬಿಗಿದಳು.

“ಒತ್ರಿ” ಅಂದಳು ಗಂಡನಿಗೆ. ಎಂಜಿನ್ ಗರ್ ಎಂದಿತು. ಸ್ಪೀಕರಿನಲ್ಲಿ ಏನೂ ಇಲ್ಲ. ವ್ಯಾನಿನವನ ಕ್ಯಾಸೆಟ್ ಹಚ್ಚಿದಳು. ಇಷ್ಟು ವರ್ಷ ಆಕೆ ಸಪ್ಪಳ ಹುಡುಕುವುದನ್ನು ಮಾತ್ರ ನಾನು ನೋಡಿದ್ದೆ. ಅವತ್ತು ಮುಂದಿನ ಸೀಟಿಗೆ ಒರಗಿ, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ, ಆ ಹಾಡನ್ನು ಮೊದಲಿಂದ ಕೊನೆಯವರೆಗೆ ಸುಮ್ಮನೆ ಕೇಳಿದಳು. ಮುಗಿದ ಮೇಲೆ ಇಳಿದು ಬಂದು, ಕೈ ತೊಳೆದುಕೊಂಡು, ನನ್ನ ಪಕ್ಕ ಕೂತು ಯಲಬುರ್ಗಾದ ಸುದ್ದಿ ಕೇಳಿದಳು.